ಮೇಲಿನ ರೂಮಿಗೆ ಬರುವವರು ಯಾರು?

ಮಂಗಳೂರಿನ ಕಂಕನಾಡಿ ಬಳಿಯ ಗರೋಡಿಯಲ್ಲಿ 2022ರ ನವೆಂಬರ್ 19ರ ಸಂಜೆ ಆಟೊರಿಕ್ಷಾವೊಂದರಲ್ಲಿ ಕುಕ್ಕರ್ ಬಾಂಬ್ ಸಿಡಿಯಿತು. ಚಾಲಕ, ಪ್ರಯಾಣಿಕ ಇಬ್ಬರೂ ಸುಟ್ಟಗಾಯಗಳಿಂದ ಆಸ್ಪತ್ರೆ ಸೇರಿದರು. ಪ್ರಯಾಣಿಕನ ಆಧಾರ್ ಕಾರ್ಡಿನ ಜಾಡು ಹಿಡಿದು ಹೊರಟ ಪೊಲೀಸರು ತಲುಪಿದ್ದು ಹುಬ್ಬಳ್ಳಿ ಮೂಲದ ಒಬ್ಬ ರೈಲ್ವೆ ನೌಕರರ ಬಳಿಗೆ. ಅವರು ತುಮಕೂರಿನಲ್ಲಿ ತಮ್ಮ ಪಾಡಿಗೆ ಕೆಲಸ ಮಾಡಿಕೊಂಡಿದ್ದರು. ಅವರ ಕಾರ್ಡು ಹಿಂದೆಂದೋ ಕಳೆದುಹೋಗಿತ್ತು. ಅದೇ ಹೆಸರು ಹೇಳಿಕೊಂಡು ಆರೋಪಿಯಾದ ಆ ಪ್ರಯಾಣಿಕ ಮೈಸೂರಿನ ಮೇಟಗಳ್ಳಿಯ ಲೋಕನಾಯಕನಗರದಲ್ಲಿ ಒಂದು ಸಿಂಗಲ್ ರೂಮ್ ಹಿಡಿದಿದ್ದ. ಮೊಬೈಲ್ ರಿಪೇರಿ ಕಲಿಯಲು ಬಂದವನು ಎಂಬುದು ಅವನು ಕೊಟ್ಟ ಪರಿಚಯ. ಸ್ಫೋಟದ ಮರುದಿನ ಆ ರೂಮಿನ ಬಾಗಿಲು ತೆಗೆದವರಿಗೆ ಬಾಂಬ್ ತಯಾರಿಕೆಯ ಸಾಮಾನು ಸಿಕ್ಕಿತು.

ಆ ಮನೆಯವರು ಆಧಾರ್ ಕೇಳಿರಲಿಲ್ಲ ಎಂದೇನಲ್ಲ. ಕೇಳಿದ್ದರು, ಸಿಕ್ಕಿಯೂ ಇತ್ತು. ನಮ್ಮ ಊರುಗಳ ಮನೆ ಓನರ್‌ಗಳಲ್ಲಿ ಹೆಚ್ಚಿನವರು ಮಾಡುವುದೂ ಇಷ್ಟೇ: ಒಂದು ಜೆರಾಕ್ಸ್ ಇಸಿದುಕೊಂಡು, ಅಗ್ರಿಮೆಂಟಿನ ಹಿಂದೆ ಪಿನ್ ಹೊಡೆದು, ಬೀರುವಿನಲ್ಲಿ ಇಟ್ಟುಬಿಡುತ್ತಾರೆ. ಕಾಗದ ನಿಜವೇ, ಅದರಲ್ಲಿರುವ ಮುಖ ಎದುರಿಗೆ ನಿಂತವರದ್ದೇ ಎಂದು ನೋಡುವ ಗೋಜಿಗೆ ಹೋಗುವವರು ಕಡಿಮೆ.

ಹಾಗೆಂದು ಪ್ರಶ್ನೆ ಕೇಳುವುದರಲ್ಲಿ ನಮ್ಮವರು ಹಿಂದೆ ಬಿದ್ದವರಲ್ಲ. ಬೆಂಗಳೂರಿನ ಜಯನಗರವಿರಲಿ, ಮೈಸೂರಿನ ಕುವೆಂಪುನಗರವಿರಲಿ, ಹುಬ್ಬಳ್ಳಿಯ ವಿದ್ಯಾನಗರವಿರಲಿ, ಟು ಲೆಟ್ ಬೋರ್ಡ್ ನೋಡಿ ಗೇಟು ತಟ್ಟಿದವರಿಗೆ ಈ ಪ್ರಶ್ನೆಗಳು ಬಾಯಿಪಾಠವಾಗಿರುತ್ತವೆ. ‘ಫ್ಯಾಮಿಲಿನಾ, ಬ್ಯಾಚುಲರ್ರಾ?’ ‘ವೆಜ್ಜಾ, ನಾನ್‌ವೆಜ್ಜಾ?’ ‘ಯಾವ ಕಡೆಯವರು?’ ಕೊನೆಗೆ, ಸ್ವಲ್ಪ ದನಿ ತಗ್ಗಿಸಿ, ‘ಬೇಜಾರು ಮಾಡ್ಕೋಬೇಡಿ, ನಿಮ್ದು ಯಾವ ಜನ?’ ಇಷ್ಟಕ್ಕೆ ಸರಿಯಾದ ಉತ್ತರ ಬಂದರೆ ಅಡ್ವಾನ್ಸಿನ ಮಾತು ಶುರು. ಎಲ್ಲಿ ಕೆಲಸ, ಹಿಂದಿನ ಮನೆ ಯಾವುದು, ಅದನ್ನು ಬಿಟ್ಟಿದ್ದೇಕೆ ಎಂಬುದನ್ನು ಕೇಳಿದರೂ ಉತ್ತರವನ್ನು ಯಾರೂ ತಾಳೆ ನೋಡುವುದಿಲ್ಲ. ಜಾತಿ ಕೇಳುವುದು ಅನ್ಯಾಯ ಎಂಬುದು ಒಂದು ಮಾತು. ಮೋಸ ಮಾಡಲು ಬಂದವರನ್ನು ತಡೆಯುವುದಕ್ಕೆ ಅದು ಮೂರು ಕಾಸಿನ ಪ್ರಯೋಜನಕ್ಕೂ ಬರುವುದಿಲ್ಲ ಎಂಬುದು ಇನ್ನೊಂದು ಮಾತು. ಸುಳ್ಳು ಹೆಸರು ಹೇಳಬಲ್ಲವರಿಗೆ ಸುಳ್ಳು ಜಾತಿ ಹೇಳುವುದು ಕಷ್ಟವೇನಲ್ಲ.

‘ಹೆಣ್ಣುಮಕ್ಕಳಾದರೆ ತಲೆನೋವಿಲ್ಲ’ ಎಂಬ ನಂಬಿಕೆಯದೂ ಇದೇ ಕಥೆ. 2024ರ ಮೇ ತಿಂಗಳಲ್ಲಿ ಬೆಂಗಳೂರಿನ ಕೆಂಗೇರಿ ಬಳಿಯ ಕೋನಸಂದ್ರದಲ್ಲಿ ಮನೆಯೊಡತಿಯೊಬ್ಬರ ಕೊಲೆಯಾಯಿತು. ಆ ಪ್ರಕರಣದಲ್ಲಿ ಪೊಲೀಸರು ಬಂಧಿಸಿದ್ದು ಅದೇ ಮನೆಯಲ್ಲಿ ಬಾಡಿಗೆಗಿದ್ದ ಯುವತಿಯನ್ನು. ಸಾಲದಲ್ಲಿ ಸಿಲುಕಿದ್ದ ಆಕೆಯ ಕಣ್ಣು ಮನೆಯೊಡತಿಯ ಚಿನ್ನದ ಸರದ ಮೇಲಿತ್ತು ಎಂಬುದು ಪೊಲೀಸರ ಹೇಳಿಕೆ. ಒಂದು ಘಟನೆಯಿಂದ ಎಲ್ಲ ಬಾಡಿಗೆದಾರರನ್ನೂ ಅನುಮಾನಿಸಬೇಕಿಲ್ಲ. ಲಕ್ಷಾಂತರ ಮನೆಗಳಲ್ಲಿ ಓನರ್ ಮತ್ತು ಬಾಡಿಗೆಯವರು ಹಬ್ಬಕ್ಕೆ ಒಬ್ಬಟ್ಟು ಹಂಚಿಕೊಂಡೇ ಬಾಳುತ್ತಿದ್ದಾರೆ. ಆದರೆ ಮುಖ, ಮಾತು, ಲಿಂಗ, ಜಾತಿ ನೋಡಿ ‘ಒಳ್ಳೆಯವರ ಹಾಗೆ ಕಾಣ್ತಾರೆ’ ಎಂದು ತೀರ್ಮಾನಿಸುವುದು ಎಚ್ಚರಿಕೆ ಅಲ್ಲ, ಎಚ್ಚರಿಕೆ ವಹಿಸಿದೆವು ಎಂಬ ಸಮಾಧಾನ ಅಷ್ಟೆ.

ಅಪರಿಚಿತರನ್ನು ಮನೆಯೊಳಗೆ ಇಟ್ಟುಕೊಳ್ಳುವುದು ನಮಗೇನೂ ಹೊಸದಲ್ಲ. ಹಳೆಯ ಮೈಸೂರು ಸೀಮೆಯಲ್ಲಿ ಓದಲು ಬಂದ ಬಡ ಹುಡುಗರು ವಾರಾನ್ನ ಮಾಡಿಕೊಂಡು, ದಿನಕ್ಕೊಂದು ಮನೆಯಲ್ಲಿ ಉಂಡು ಪಾಸಾದವರು. ವಠಾರಗಳಲ್ಲಿ ಒಂದೇ ಅಂಗಳ, ಒಂದೇ ನಲ್ಲಿ ನಂಬಿಕೊಂಡು ಹತ್ತು ಸಂಸಾರ ನಡೆಯುತ್ತಿದ್ದವು. ಆಗ ಹುಡುಗನ ಜೊತೆ ಒಂದು ಚೀಟಿ ಬರುತ್ತಿತ್ತು. ಊರಿನ ಶಾನುಭೋಗರದ್ದೋ ಮೇಷ್ಟರದ್ದೋ ಶಿಫಾರಸು. ಏನಾದರೂ ಎಡವಟ್ಟಾದರೆ ಆ ಶಿಫಾರಸು ಮಾಡಿದವರ ಮರ್ಯಾದೆಯೂ ಹೋಗುತ್ತಿತ್ತು. ಇವತ್ತು ಬಿಹಾರದಿಂದ, ಅಸ್ಸಾಮಿನಿಂದ, ಬೀದರಿನಿಂದ ಕೆಲಸಕ್ಕೆಂದು ಬರುವವರ ಕೈಯಲ್ಲಿ ಅಂಥ ಚೀಟಿ ಇರುವುದಿಲ್ಲ. ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ ಕಮಿಷನ್ ಸಿಕ್ಕರೆ ಆಯಿತು, ಅವರು ಯಾರಿಗೂ ಜಾಮೀನು ನಿಲ್ಲುವುದಿಲ್ಲ.

ಆ ಚೀಟಿಯ ಜಾಗವನ್ನು ಈಗ ತುಂಬಬಲ್ಲದ್ದು ಹಿಂದಿನ ಮನೆ ಓನರ್‌ನ ಫೋನ್ ನಂಬರು. ಇದಕ್ಕೆ ಕಾಸು ಖರ್ಚಿಲ್ಲ, ಐದು ನಿಮಿಷದ ಕೆಲಸ. ಬಾಡಿಗೆ ಸಮಯಕ್ಕೆ ಕೊಡುತ್ತಿದ್ದರೇ, ಹೋಗುವಾಗ ಕರೆಂಟ್ ಬಿಲ್ ಬಾಕಿ ಇತ್ತೇ, ಅವರಿಗೇ ಮತ್ತೆ ಮನೆ ಕೊಡುತ್ತೀರಾ? ಮೂರನೆಯ ಪ್ರಶ್ನೆಗೆ ಎರಡು ಕ್ಷಣ ಮೌನ ಬಂದರೂ ಅದೇ ಉತ್ತರ. ಒಂದು ಸೂಕ್ಷ್ಮವಿದೆ. ಈಗಿರುವ ಮನೆಯ ಓನರ್‌ಗೆ ಅವರು ತೊಲಗಿದರೆ ಸಾಕಾಗಿರಬಹುದು. ‘ತುಂಬಾ ಒಳ್ಳೆಯವರು ಸಾರ್’ ಎಂದು ಸಾಗಹಾಕುತ್ತಾರೆ. ಅದಕ್ಕೂ ಹಿಂದಿನ ಮನೆಯವರಿಗೆ ಆ ದರ್ದು ಇರುವುದಿಲ್ಲ. ಕೆಲಸದ ವಿಚಾರವೂ ಅಷ್ಟೇ. ಕಂಪನಿಯ ಐಡಿ ಕಾರ್ಡನ್ನು ಯಾವ ಪ್ರಿಂಟಿಂಗ್ ಅಂಗಡಿಯಲ್ಲಾದರೂ ಮಾಡಿಸಬಹುದು. ಆಫೀಸಿನ ಇಮೇಲ್ ವಿಳಾಸದಿಂದ ಒಂದು ಸಾಲು ಬರೆದು ಕಳಿಸಿ ಎಂದರೆ ನಿಜವಾದ ಉದ್ಯೋಗಿಗೆ ಅರೆ ನಿಮಿಷ ಸಾಕು. ವಿದ್ಯಾರ್ಥಿಗಳಾದರೆ ಅಪ್ಪ ಅಮ್ಮ ಒಮ್ಮೆ ಬಂದು ಹೋಗಲಿ ಎನ್ನುವುದು ಅತಿಯಾಯಿತು ಎಂದು ಯಾರೂ ಅಂದುಕೊಳ್ಳುವುದಿಲ್ಲ. ಅವರಿಗೂ ಮಗಳು ಎಂಥ ಮನೆಯಲ್ಲಿರುತ್ತಾಳೆ ಎಂದು ನೋಡಬೇಕಿರುತ್ತದೆ.

ಇನ್ನು ಆಧಾರ್. ಈಗಿನ ಕಾರ್ಡಿನ ಮೇಲಿರುವ ದೊಡ್ಡ ಕ್ಯೂಆರ್ ಕೋಡ್ ಅಲಂಕಾರಕ್ಕಲ್ಲ. ಆಧಾರ್ ಪ್ರಾಧಿಕಾರದ ಡಿಜಿಟಲ್ ಸಹಿ ಇರುವ ಆ ಕೋಡನ್ನು ಪ್ರಾಧಿಕಾರದ್ದೇ ಉಚಿತ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿದರೆ ಹೆಸರು, ವಿಳಾಸ, ಫೋಟೊ ಪರದೆಯ ಮೇಲೆ ಬರುತ್ತವೆ. ಕಾರ್ಡಿನ ಮೇಲೆ ಫೋಟೊ ಬದಲಿಸಿ ಪ್ರಿಂಟ್ ಹಾಕಿಸಬಹುದು, ಸಹಿಯಾದ ಕೋಡಿನೊಳಗಿನ ಫೋಟೊ ಬದಲಿಸಲಾಗದು. ಪ್ರಾಧಿಕಾರದ ವೆಬ್‌ಸೈಟಿನಲ್ಲಿ ಆಧಾರ್ ಸಂಖ್ಯೆ ಹಾಕಿ ನೋಡುವ ಅವಕಾಶವೂ ಇದೆ. ಅಲ್ಲಿ ಅಂದಾಜು ವಯಸ್ಸು, ಲಿಂಗ, ರಾಜ್ಯ ಮತ್ತು ಮೊಬೈಲಿನ ಕೊನೆಯ 3 ಅಂಕಿ ಕಾಣುತ್ತದೆ. ಎದುರಿಗೆ ಕುಳಿತವರ ಫೋನ್ ನಂಬರಿಗೂ ಆ 3 ಅಂಕಿಗೂ ತಾಳೆಯಾಗದಿದ್ದರೆ ‘ಯಾಕೆ?’ ಎಂದು ಕೇಳಬಹುದು. ಕಾರಣ ಸರಳವಾದದ್ದೇ ಇರಬಹುದು, ಆದರೂ ಕೇಳುವುದು ಲೇಸು.

ಜೆರಾಕ್ಸ್ ಕೊಡಲು ಹಿಂಜರಿಯುವ ಬಾಡಿಗೆದಾರರನ್ನು ಕಂಡರೆ ಕೆಲವರಿಗೆ ಅನುಮಾನ. ಅನುಮಾನಿಸಬೇಕಿಲ್ಲ. 2022ರ ಮೇ ತಿಂಗಳಲ್ಲಿ ಇದೇ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ, ಆಧಾರ್ ಪ್ರತಿಯನ್ನು ಕಂಡಕಂಡವರಿಗೆ ಕೊಡಬೇಡಿ ಎಂದು ಪ್ರಕಟಣೆ ಹೊರಡಿಸಿತ್ತು. ದೇಶವೆಲ್ಲ ಗಾಬರಿಯಾಗಿ, ಎರಡೇ ದಿನದಲ್ಲಿ ಅದನ್ನು ವಾಪಸ್ ಪಡೆಯಲಾಯಿತು. ಪ್ರಕಟಣೆ ಹೋಯಿತು, ಭಯಕ್ಕೆ ಕಾರಣವಿದ್ದದ್ದು ಹೋಗಲಿಲ್ಲ. ಕೈತಪ್ಪಿದ ಒಂದು ಕಾರ್ಡಿನಿಂದ ಏನಾಗಬಹುದೆಂದು ಆರೇ ತಿಂಗಳಲ್ಲಿ ಮೈಸೂರು ತೋರಿಸಿತು. ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಇಟ್ಟುಕೊಂಡು, ಕ್ಯೂಆರ್ ಸ್ಕ್ಯಾನ್ ಮಾಡಿ ನೋಡಿದರೆ ಓನರ್‌ಗೂ ಸಾಕು, ಬಾಡಿಗೆದಾರರಿಗೂ ನೆಮ್ಮದಿ.

ಮನೆಗೆ ಕಾಲಿಡದೆಯೇ ದೋಚುವವರ ವಿಚಾರ ಬೇರೆ. ಬಾಡಿಗೆ ವೆಬ್‌ಸೈಟ್‌ನಲ್ಲಿ ರೂಮಿನ ಫೋಟೊ ಹಾಕಿ ಅರ್ಧ ಗಂಟೆಯಾಗಿರುವುದಿಲ್ಲ, ಫೋನ್ ಬರುತ್ತದೆ. ಆ ಕಡೆಯಿಂದ ಹಿಂದಿಯಲ್ಲಿ ಬಹಳ ಮರ್ಯಾದೆಯ ಮಾತು. ತಾನು ಸೇನೆಯಲ್ಲೋ ಸಿಐಎಸ್‌ಎಫ್‌ನಲ್ಲೋ ಇದ್ದೇನೆ, ಬೆಂಗಳೂರಿಗೆ ವರ್ಗವಾಗಿದೆ, ಹೆಂಡತಿ ಮಗುವಿನೊಂದಿಗೆ ಬರುತ್ತಿದ್ದೇನೆ, ಮನೆ ನೋಡಲು ಬಿಡುವಿಲ್ಲ, ಫೋಟೊ ನೋಡಿಯೇ ಒಪ್ಪಿದೆ ಎನ್ನುತ್ತಾನೆ. ವಾಟ್ಸ್ಆ್ಯಪ್‌ಗೆ ಸಮವಸ್ತ್ರದ ಫೋಟೊ, ಗುರುತಿನ ಚೀಟಿ, ಕ್ಯಾಂಟೀನ್ ಕಾರ್ಡ್ ಬಂದು ಬೀಳುತ್ತವೆ. ಬಾಡಿಗೆಗೆ ಚೌಕಾಸಿಯೂ ಇಲ್ಲ. ಅಡ್ವಾನ್ಸ್ ಈಗಲೇ ಹಾಕುತ್ತೇನೆ, ಆದರೆ ನಮ್ಮ ಇಲಾಖೆಯ ಅಕೌಂಟಿನ ಪದ್ಧತಿ ಬೇರೆ, ಮೊದಲು ನೀವು ಒಂದು ರೂಪಾಯಿ ಕಳಿಸಿ, ಎರಡಾಗಿ ವಾಪಸ್ ಬರುತ್ತದೆ ಎನ್ನುತ್ತಾನೆ. ಹಾಗೆಯೇ ಬರುತ್ತದೆ. ನಂಬಿಕೆ ಕುದುರಿದ ಮೇಲೆ ಕ್ಯೂಆರ್ ಕೋಡ್ ಒಂದನ್ನು ಕಳಿಸಿ, ಸ್ಕ್ಯಾನ್ ಮಾಡಿ ಪಿನ್ ಒತ್ತಿ, ಪೂರ್ತಿ ಅಡ್ವಾನ್ಸ್ ಜಮಾ ಆಗುತ್ತದೆ ಎನ್ನುತ್ತಾನೆ. ಪಿನ್ ಒತ್ತಿದ ಕೂಡಲೇ ದುಡ್ಡು ಹೋಗುತ್ತದೆ, ಬರುವುದಿಲ್ಲ. ತಪ್ಪಾಯಿತು, ಇನ್ನೊಮ್ಮೆ ಮಾಡಿ ವಾಪಸ್ ಬರುತ್ತದೆ ಎಂದು ನಂಬಿಸಿ ಎರಡನೆಯ ಸಲವೂ ಬಾಚುತ್ತಾನೆ.

ಯುಪಿಐನಲ್ಲಿ ಹಣ ಪಡೆಯಲು ಪಿನ್ ಬೇಕಾಗುವುದೇ ಇಲ್ಲ. ಈ ಒಂದು ಸಂಗತಿ ಗೊತ್ತಿದ್ದರೆ ಇಡೀ ನಾಟಕ ಅಲ್ಲಿಗೇ ಮುಗಿಯುತ್ತದೆ. ಮೋಸ ಹೋದವರು ನಾಚಿಕೆಪಟ್ಟುಕೊಂಡು ಕೂರದೆ ತಕ್ಷಣ 1930ಕ್ಕೆ ಫೋನ್ ಮಾಡಬೇಕು. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟಿಹೋಗುವ ಮೊದಲು ತಡೆಹಿಡಿಯುವ ಅವಕಾಶ ಮೊದಲ ಗಂಟೆಗಳಲ್ಲೇ ಹೆಚ್ಚು. ನಿವೃತ್ತರಾಗಿ, ಮೇಲಿನ ರೂಮಿನ ಬಾಡಿಗೆಯನ್ನೇ ನೆಚ್ಚಿಕೊಂಡವರು ಸೇನೆಯ ಹೆಸರು ಕೇಳಿ ಕರಗುತ್ತಾರೆ ಎಂಬುದು ಈ ವಂಚಕರಿಗೆ ಚೆನ್ನಾಗಿ ಗೊತ್ತು.

ದಿನದ ಲೆಕ್ಕದಲ್ಲಿ ಕೋಣೆ ಕೊಡುವವರ ಕಷ್ಟ ಇನ್ನೊಂದು ಬಗೆಯದು. ಈ ವ್ಯವಹಾರವನ್ನು ಜಗತ್ತಿಗೆಲ್ಲ ಹಬ್ಬಿಸಿದ ಏರ್‌ಬಿಎನ್‌ಬಿ ಹುಟ್ಟಿದ್ದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ. 2007ರಲ್ಲಿ ಬ್ರಯಾನ್ ಚೆಸ್ಕಿ ಮತ್ತು ಜೋ ಗೆಬಿಯಾ ಎಂಬ ಇಬ್ಬರು ಗೆಳೆಯರು ಬಾಡಿಗೆ ಕಟ್ಟಲು ಹಣ ಸಾಲದೆ, ಡಿಸೈನ್ ಸಮ್ಮೇಳನಕ್ಕೆ ಬಂದವರಿಗೆ ತಮ್ಮ ಮನೆಯಲ್ಲಿ ಗಾಳಿ ತುಂಬಿದ ಹಾಸಿಗೆ ಹಾಕಿಕೊಟ್ಟರು, ಮರುವರ್ಷ ಕಂಪನಿಯಾಯಿತು. 2011ರಲ್ಲಿ ಅದೇ ಊರಿನ ಮಹಿಳೆಯೊಬ್ಬರು ಈ ತಾಣದ ಮೂಲಕ ತಮ್ಮ ಮನೆಯನ್ನು ಒಂದು ವಾರಕ್ಕೆ ಕೊಟ್ಟು ಊರಿಗೆ ಹೋದರು. ಬಂದು ನೋಡಿದರೆ ಮನೆ ಮನೆಯಾಗಿ ಉಳಿದಿರಲಿಲ್ಲ. ಪಾಸ್‌ಪೋರ್ಟ್, ನಗದು, ಅಜ್ಜಿಯ ಒಡವೆ ಎಲ್ಲವನ್ನೂ ಒಂದು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದರು. ಬಂದವರು ಬೀಗದ ಗೊಡವೆಗೇ ಹೋಗದೆ ಕಪಾಟಿನ ಬಾಗಿಲಿಗೇ ತೂತು ಕೊರೆದಿದ್ದರು. ಗಲಾಟೆ ದೊಡ್ಡದಾದ ಮೇಲೆ ಕಂಪನಿ ಆತಿಥೇಯರಿಗೆ 50,000 ಡಾಲರ್‌ವರೆಗಿನ ನಷ್ಟ ಭರ್ತಿಯ ಭರವಸೆ ಪ್ರಕಟಿಸಿತು. ಮುಂದೆ ಆ ಮೊತ್ತ ಹಲವು ಪಟ್ಟು ಹೆಚ್ಚಿತು.

ಬೆಂಗಳೂರು, ಮಡಿಕೇರಿ, ಗೋಕರ್ಣದಲ್ಲಿ ಈ ತಾಣಗಳಲ್ಲಿ ಕೋಣೆ ಹಾಕುವವರು ಗಮನಿಸಬೇಕಾದದ್ದು ಆ ಕಪಾಟಿನ ಬಾಗಿಲನ್ನು. ಕೋಣೆ ಬಾಡಿಗೆಗೆ ಕೊಟ್ಟ ಮನೆಯಲ್ಲಿ ಚಿನ್ನ, ಆಸ್ತಿಪತ್ರ, ಪಾಸ್‌ಪೋರ್ಟ್ ಇಡುವ ಜಾಗವೇ ಇಲ್ಲ. ಅವುಗಳ ಜಾಗ ಬ್ಯಾಂಕ್ ಲಾಕರ್. ಮನೆಯ ವಿಮೆ ಇದ್ದವರೂ ಒಮ್ಮೆ ಏಜೆಂಟರನ್ನು ಕೇಳಿ ನೋಡಲಿ. ಬಾಡಿಗೆಗೆ ಇದ್ದವರಿಂದಲೇ ಆದ ಕಳವಿಗೆ ಪರಿಹಾರವಿದೆಯೇ ಎಂಬುದು ಪಾಲಿಸಿಯ ಸಣ್ಣ ಅಕ್ಷರಗಳಲ್ಲಿ ಇರುತ್ತದೆ.

ಬೀಗಗಳ ವಿಷಯಕ್ಕೆ ಬಂದರೆ, ಕೋಣೆಗೆ ಹೊರಗಿನಿಂದಲೇ ಬಾಗಿಲಿದ್ದರೆ ಅರ್ಧ ತೊಂದರೆ ಕಳೆಯಿತು. ಹಳೇ ಮನೆಗಳ ಔಟ್‌ಹೌಸ್, ಮಹಡಿಯ ಮೇಲಿನ ಒಂಟಿ ರೂಮು ಇದಕ್ಕೆ ಹೇಳಿ ಮಾಡಿಸಿದವು. ನಡುಮನೆ ದಾಟಿಯೇ ಹೋಗಬೇಕಾದ ಕೋಣೆಯಾದರೆ ಮನೆಯವರು ಮಲಗುವ ಕೋಣೆಗಳಿಗೂ ಒಳಗಿನಿಂದ ಗಟ್ಟಿ ಚಿಲಕ ಬೇಕು. ಬಾಡಿಗೆದಾರರ ಕೋಣೆಗೂ ಒಳಚಿಲಕ ಬೇಕೇಬೇಕು, ಅದನ್ನು ಮರೆಯುವ ಓನರ್‌ಗಳು ಉಂಟು. ಒಬ್ಬರು ಖಾಲಿ ಮಾಡಿದಾಗಲೆಲ್ಲ ಬೀಗ ಬದಲಿಸಬೇಕು. ಕೀ ವಾಪಸ್ ಕೊಟ್ಟರು ಎಂದರೆ ಡೂಪ್ಲಿಕೇಟ್ ಮಾಡಿಸಿಲ್ಲ ಎಂದರ್ಥವಲ್ಲ.

ವೈಫೈ ಪಾಸ್‌ವರ್ಡ್ ಹಂಚುವಾಗ ಇಷ್ಟು ಯೋಚನೆ ಮಾಡುವವರು ವಿರಳ. ಆ ಸಂಪರ್ಕದಿಂದ ಯಾರಿಗಾದರೂ ಬೆದರಿಕೆ ಇಮೇಲ್ ಹೋದರೆ, ಪೊಲೀಸರಿಗೆ ಮೊದಲು ಸಿಗುವ ವಿಳಾಸ ಬಿಲ್ ಕಟ್ಟುವ ಓನರ್‌ದು. ಈಗಿನ ರೌಟರ್‌ಗಳಲ್ಲಿ ಗೆಸ್ಟ್ ನೆಟ್‌ವರ್ಕ್ ಎಂಬ ಪ್ರತ್ಯೇಕ ಸೌಲಭ್ಯವಿದೆ. ಬಾಡಿಗೆದಾರರು ತಮ್ಮ ಹೆಸರಿನಲ್ಲೇ ಸಂಪರ್ಕ ತೆಗೆದುಕೊಂಡರೆ ಇನ್ನೂ ವಾಸಿ.

ಮುಚ್ಚಿದ ಬಾಗಿಲ ಹಿಂದೆ ಏನು ನಡೆಯುತ್ತಿದೆ ಎಂಬುದಕ್ಕೆ ಮನೆಯೇ ಕೆಲವು ಸುಳಿವು ಕೊಡುತ್ತದೆ. 2023ರ ಜೂನ್‌ನಲ್ಲಿ ಶಿವಮೊಗ್ಗದಲ್ಲಿ ವೈದ್ಯಕೀಯ ವಿದ್ಯಾರ್ಥಿಗಳು ಬಾಡಿಗೆ ಮನೆಯೊಳಗೇ ಗಾಂಜಾ ಬೆಳೆಸಿದ ಆರೋಪದಲ್ಲಿ ಸಿಕ್ಕಿಬಿದ್ದಾಗ ಊರಿಗೆ ಊರೇ ಬೆರಗಾಗಿತ್ತು. ಮನೆಯೊಳಗಿನ ಬೇಸಾಯಕ್ಕೆ ಹಗಲೂ ರಾತ್ರಿ ದೀಪ ಬೇಕು, ಫ್ಯಾನ್ ಬೇಕು, ಕಿಟಕಿ ಮುಚ್ಚಿರಬೇಕು. ಕರೆಂಟ್ ಬಿಲ್ ಏರುತ್ತದೆ. ಮಾದಕವಸ್ತು ತಡೆ ಕಾಯ್ದೆ, ಗೊತ್ತಿದ್ದೂ ಜಾಗ ಬಳಸಲು ಬಿಟ್ಟ ಮಾಲೀಕರಿಗೂ ಶಿಕ್ಷೆ ಹೇಳುತ್ತದೆ. ‘ಗೊತ್ತಿದ್ದೂ’ ಎಂಬ ಮಾತಿನಲ್ಲಿ ಓನರ್‌ಗೆ ರಕ್ಷಣೆಯಿದೆ, ನಿಜ. ಗೊತ್ತಿರಲಿಲ್ಲ ಎಂದು ತೋರಿಸಬೇಕಾದಾಗ ಕೈಯಲ್ಲಿ ಅಗ್ರಿಮೆಂಟು, ಠಾಣೆಗೆ ಕೊಟ್ಟ ಮಾಹಿತಿಯ ಸ್ವೀಕೃತಿ ಇರಬೇಕಷ್ಟೆ.

ಕಳ್ಳಕಾಕರ ಭಯದಲ್ಲಿ ಜನ ಮರೆಯುವ ಅಪಾಯವೊಂದು ಬಚ್ಚಲಿನಲ್ಲಿದೆ. ಕಿಟಕಿಯಿಲ್ಲದ ಸಣ್ಣ ಅಟ್ಯಾಚ್ಡ್ ಬಾತ್‌ರೂಮಿನಲ್ಲಿ ಗ್ಯಾಸ್ ಗೀಸರ್ ಹಾಕಿದರೆ ಗಾಳಿ ಸಾಲದೆ ಗ್ಯಾಸ್ ಅರೆಬರೆ ಉರಿದು ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನಕ್ಕೆ ಹೋದವರು ಹೊರಗೆ ಬರಲೇ ಇಲ್ಲ ಎಂಬ ಸುದ್ದಿ ಬೆಂಗಳೂರಿನಿಂದ ಮತ್ತೆ ಮತ್ತೆ ಬಂದಿದೆ. ಗೀಸರ್ ಮತ್ತು ಸಿಲಿಂಡರ್ ಎರಡೂ ಬಚ್ಚಲಿನ ಹೊರಗೆ, ಗಾಳಿಯಾಡುವಲ್ಲಿ ಇರಬೇಕು. ಚಳಿಗಾಲದಲ್ಲಿ ಮಲೆನಾಡಿನ ಕೋಣೆಗಳಲ್ಲಿ ಕೆಂಡ ಇಟ್ಟುಕೊಂಡು ಬಾಗಿಲು ಹಾಕಿ ಮಲಗುವ ಅಭ್ಯಾಸಕ್ಕೂ ಇದೇ ಎಚ್ಚರಿಕೆ. ಬಾಡಿಗೆದಾರರ ಪ್ರಾಣಕ್ಕೆ ಸಂಚಕಾರ ಬಂದರೆ ಕೇಸು ಬೀಳುವುದು ಓನರ್ ಮೇಲೆ.

ಕ್ಯಾಮೆರಾ ಬಗ್ಗೆ ಒಂದು ಮಾತು. ಗೇಟು, ಮೆಟ್ಟಿಲು, ಪಾರ್ಕಿಂಗ್ ಸರಿ; ಬಾಡಿಗೆದಾರರ ಕೋಣೆಯೊಳಗೆ ಇಣುಕುವ ಕ್ಯಾಮೆರಾ ತಪ್ಪು, ಬಚ್ಚಲಲ್ಲಿಟ್ಟರೆ ಜೈಲು. ಮಹಿಳೆಯ ಖಾಸಗಿ ಕ್ಷಣಗಳನ್ನು ಸೆರೆಹಿಡಿಯುವುದಕ್ಕೆ ಭಾರತೀಯ ನ್ಯಾಯ ಸಂಹಿತೆಯ 77ನೇ ಸೆಕ್ಷನ್ ಮೊದಲ ಅಪರಾಧಕ್ಕೇ ಕನಿಷ್ಠ 1 ವರ್ಷದಿಂದ 3 ವರ್ಷದವರೆಗೆ ಸಜೆ ಹೇಳುತ್ತದೆ. ಏರ್‌ಬಿಎನ್‌ಬಿ 2024ರ ಏಪ್ರಿಲ್ 30ರಿಂದ ಮನೆಯೊಳಗಿನ ಕ್ಯಾಮೆರಾಗಳನ್ನು, ಮುಂಚಿತವಾಗಿ ತಿಳಿಸಿದ್ದರೂ ಸರಿ, ಜಗತ್ತಿನೆಲ್ಲೆಡೆ ನಿಷೇಧಿಸಿದೆ.

ಕಾನೂನಿನ ಕಾಗದಗಳಲ್ಲಿ ನಮ್ಮವರಿಗೆ ಗೊತ್ತಿರುವುದು 11 ತಿಂಗಳ ಅಗ್ರಿಮೆಂಟ್. ಯಾಕೆ 11 ಎಂದರೆ, 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷ ಮೀರಿದ ಗುತ್ತಿಗೆಯನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಆ ಓಡಾಟ ತಪ್ಪಿಸಲು ಒಂದು ತಿಂಗಳು ಕತ್ತರಿಸಿದರು. 11 ತಿಂಗಳು ಬರೆದರೆ ಬಾಡಿಗೆದಾರರಿಗೆ ಹಕ್ಕೇ ಹುಟ್ಟುವುದಿಲ್ಲ ಎಂಬುದು ಮಾತ್ರ ಬ್ರೋಕರ್‌ಗಳು ಹಬ್ಬಿಸಿದ ನಂಬಿಕೆ.

ಇನ್ನು ಕೆಲವರು ಬುದ್ಧಿವಂತಿಕೆಯಿಂದ ‘ಬಾಡಿಗೆ’ ಎಂಬ ಪದವನ್ನೇ ಬಿಟ್ಟು ‘ಲೈಸೆನ್ಸ್’ ಎಂದು ಬರೆಸುತ್ತಾರೆ. 1882ರ ಈಸ್‌ಮೆಂಟ್ಸ್ ಕಾಯ್ದೆಯಲ್ಲಿ ಲೈಸೆನ್ಸ್ ಎಂದರೆ ಜಾಗವನ್ನು ಬಳಸುವ ಅನುಮತಿ ಮಾತ್ರ, ಅದರಲ್ಲಿ ಆಸ್ತಿಯ ಹಕ್ಕಿನ ಎಳೆಯೂ ಇಲ್ಲ. ಆದರೆ ಹೆಸರಿನಿಂದ ಕೆಲಸವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1959ರಲ್ಲೇ ಹೇಳಿದೆ. ಪ್ರಕರಣವೂ ಸ್ವಾರಸ್ಯಕರ. ದೆಹಲಿಯ ಇಂಪೀರಿಯಲ್ ಹೋಟೆಲಿನ ಎರಡು ಕೋಣೆಗಳಲ್ಲಿ ಆರ್.ಎನ್. ಕಪೂರ್ ಎಂಬವರು ಕೇಶಾಲಂಕಾರದ ಅಂಗಡಿ ನಡೆಸುತ್ತಿದ್ದರು. ದಸ್ತಾವೇಜಿನಲ್ಲಿ ಅದು ಲೈಸೆನ್ಸ್. ಆದರೆ ಕೋಣೆಗಳು ಪೂರ್ತಿ ಕಪೂರ್ ಅವರ ಸುಪರ್ದಿಯಲ್ಲಿದ್ದವು, ಹೋಟೆಲಿನವರಿಗೆ ಅಲ್ಲಿ ಹಿಡಿತವಿರಲಿಲ್ಲ. ಹಾಗಾಗಿ ಅದು ಗುತ್ತಿಗೆಯೇ ಎಂದಿತು ನ್ಯಾಯಾಲಯ. ಇವತ್ತಿಗೂ ವಕೀಲರು ಈ ತೀರ್ಪನ್ನು ಉದ್ಧರಿಸುತ್ತಾರೆ.

ಅಂದರೆ ಒಂದು ಕೋಣೆ ಕೊಡುವವರಿಗೆ ಮುಖ್ಯವಾಗುವುದು ನಿತ್ಯದ ನಡವಳಿಕೆ. ಅಡುಗೆಮನೆ ಒಂದೇ, ಮುಂಬಾಗಿಲು ಒಂದೇ, ವಾರಕ್ಕೊಮ್ಮೆ ಕೆಲಸದವರು ಕೋಣೆ ಗುಡಿಸುತ್ತಾರೆ, ಊಟ ಮನೆಯವರದ್ದೇ ಎಂದಾದರೆ ಅಲ್ಲಿರುವವರು ಪೇಯಿಂಗ್ ಗೆಸ್ಟ್. ಬೇರೆ ಬಾಗಿಲು, ಬೇರೆ ಮೀಟರ್, ಅವರ ಬೀಗ, ಓನರ್ ಮೆಟ್ಟಿಲು ಹತ್ತುವುದೇ ಇಲ್ಲ ಎಂದಾದರೆ, ಕಾಗದದಲ್ಲಿ ಏನೇ ಬರೆದಿರಲಿ, ಅವರು ಬಾಡಿಗೆದಾರರು. ಬಿಡಿಸಲು ನೋಟಿಸ್ ಬೇಕು. ಕರಾರಿನಲ್ಲಿ ಬೇರೇನೂ ಬರೆದಿಲ್ಲದಿದ್ದರೆ, ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಸೆಕ್ಷನ್ ಪ್ರಕಾರ ತಿಂಗಳ ಬಾಡಿಗೆಗೆ 15 ದಿನಗಳ ನೋಟಿಸ್.

ಅಗ್ರಿಮೆಂಟಿನಲ್ಲಿ ಬಾಡಿಗೆ, ಅಡ್ವಾನ್ಸ್, ಅವಧಿ ಎಲ್ಲರೂ ಬರೆಸುತ್ತಾರೆ. ಜಗಳ ಹುಟ್ಟುವುದು ಬರೆಸದೆ ಬಿಟ್ಟ ಸಣ್ಣ ಸಂಗತಿಗಳಲ್ಲಿ. ರಾತ್ರಿ ಎಷ್ಟು ಹೊತ್ತಿನವರೆಗೆ ಗೇಟು? ಸ್ನೇಹಿತರು ಬಂದು ಉಳಿಯಬಹುದೇ? ವಾಷಿಂಗ್ ಮೆಷಿನ್ ಯಾರದು? ಮೋಟರ್ ಹಾಕುವವರು ಯಾರು? ಬಿಡುವಾಗ ಪೇಂಟಿಂಗ್‌ಗೆ ಎಷ್ಟು ಕಡಿತ? ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಪಡೆಯುವ ಬೆಂಗಳೂರಿನ ಪದ್ಧತಿಯ ಬಗ್ಗೆ ಹೊರಗಿನವರು ಗೊಣಗುವುದರಲ್ಲಿ ನ್ಯಾಯವಿದೆ. ಕೇಂದ್ರ ಸರ್ಕಾರ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ 2 ತಿಂಗಳ ಬಾಡಿಗೆಯನ್ನೇ ಮಿತಿ ಎನ್ನುತ್ತದೆ. ಆದರೆ ಅದನ್ನು ರಾಜ್ಯಗಳು ತಾವೇ ಅಳವಡಿಸಿಕೊಂಡಾಗ ಮಾತ್ರ ಜಾರಿ. ದೊಡ್ಡ ಅಡ್ವಾನ್ಸ್ ಓನರ್‌ಗೆ ಭದ್ರತೆ ಎನಿಸಿದರೂ, ಖಾಲಿ ಮಾಡುವ ದಿನ ಅದನ್ನು ಒಟ್ಟಿಗೆ ಕೊಡಲಾಗದೆ ಶುರುವಾಗುವ ಮನಸ್ತಾಪಗಳಿಗೆ ಲೆಕ್ಕವಿಲ್ಲ.

ಬಂದು ಹೋಗುವವರ ಪ್ರಶ್ನೆ ಸಣ್ಣದಲ್ಲ. 2024ರ ಜುಲೈನಲ್ಲಿ ಬೆಂಗಳೂರಿನ ಕೋರಮಂಗಲದ ಪಿ.ಜಿ. ಒಂದರಲ್ಲಿ ಯುವತಿಯ ಕೊಲೆಯಾಯಿತು. ಆರೋಪಿ ಅಲ್ಲಿಯ ನಿವಾಸಿಯಲ್ಲ, ರಾತ್ರಿ ಹೊರಗಿನಿಂದ ಒಳನುಗ್ಗಿದವನು. ಆ ಬಳಿಕ ಆಗಿನ ಬಿಬಿಎಂಪಿ ಪಿ.ಜಿ.ಗಳಿಗೆ ನಿಯಮ ಹೊರಡಿಸಿತು: ಪ್ರವೇಶದ್ವಾರದಲ್ಲಿ ಸಿಸಿಟಿವಿ, 90 ದಿನಗಳ ದೃಶ್ಯ ಸಂಗ್ರಹ, ಒಬ್ಬರಿಗೆ ಕನಿಷ್ಠ 70 ಚದರ ಅಡಿ, ದಿನಕ್ಕೆ 135 ಲೀಟರ್ ನೀರು. ಮನೆಯ ಒಂದು ಕೋಣೆ ಕೊಡುವವರಿಗೆ ಈ ನಿಯಮದ ಕಟ್ಟುಪಾಡಿಲ್ಲ ಎನಿಸಬಹುದು, ಆದರೆ ಗೇಟಿನ ಮುಂದೆ ಒಂದು ಕ್ಯಾಮೆರಾ, ಒಂದು ಒಳ್ಳೆಯ ದೀಪ ಇಡಲು ನಿಯಮವೇ ಬೇಕೆಂದಿಲ್ಲ.

ವಿದೇಶಿಯರಿಗೆ ಕೋಣೆ ಕೊಟ್ಟರೆ ಸರ್ಕಾರಕ್ಕೆ ತಿಳಿಸುವುದು ಕಡ್ಡಾಯ. ಮೈಸೂರಿನ ಗೋಕುಲಂನವರಿಗೆ ಇದು ಹೊಸದಲ್ಲ. ಪಟ್ಟಾಭಿ ಜೋಯಿಸರ ಅಷ್ಟಾಂಗ ಯೋಗಶಾಲೆ ಆ ಬಡಾವಣೆಗೆ ಬಂದ ಮೇಲೆ ನಾನಾ ದೇಶಗಳ ಯೋಗ ಕಲಿಯುವವರು ತಿಂಗಳುಗಟ್ಟಲೆ ಅಲ್ಲಿಯ ಮನೆಗಳಲ್ಲಿ ಇದ್ದು ಹೋಗುತ್ತಾರೆ. ಅತಿಥಿ ಬಂದ 24 ಗಂಟೆಯೊಳಗೆ, ಜನ ‘ಸಿ ಫಾರ್ಮ್’ ಎಂದೇ ಕರೆಯುವ ವಿವರವನ್ನು ವಿದೇಶಿಯರ ನೋಂದಣಿ ಕಚೇರಿಯ ಪೋರ್ಟಲ್‌ನಲ್ಲಿ ತುಂಬುವ ಹೊಣೆ ಮನೆಯವರದ್ದು, ಅತಿಥಿಯದ್ದಲ್ಲ. 2025ರ ಸೆಪ್ಟೆಂಬರ್ 1ರಿಂದ ಹಳೆಯ ನಾಲ್ಕು ಕಾಯ್ದೆಗಳ ಬದಲಿಗೆ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಜಾರಿಗೆ ಬಂದಿದೆ. ತಿಳಿಸುವ ಹೊಣೆ ಅದರಲ್ಲೂ ಮುಂದುವರಿದಿದೆ. ವೀಸಾ ಪುಟ ನೋಡದೆ ಕೀ ಕೊಡಬಾರದು. ನೆಂಟರ ಪರಿಚಯದವರು, ಒಂದೇ ರಾತ್ರಿಗೆ ಬಂದವರು ಎಂಬ ವಿನಾಯಿತಿಯಿಲ್ಲ.

2000ದ ದಶಕದ ಆರಂಭದಲ್ಲಿ ಕಾಫಿ ಬೆಲೆ ನೆಲಕಚ್ಚಿದಾಗ ಕೊಡಗು, ಚಿಕ್ಕಮಗಳೂರಿನ ಹಲವು ಬೆಳೆಗಾರರು ಹೋಂಸ್ಟೇ ಕಡೆ ತಿರುಗಿದರು. ಆ ಮನೆಗಳ ಬಲವಿದ್ದದ್ದೇ ಮನೆಯವರು ಅಲ್ಲೇ ಇರುತ್ತಿದ್ದುದರಲ್ಲಿ; ಅತಿಥಿ ಊಟಕ್ಕೆ ಕುಳಿತಾಗ ಪಂದಿ ಕರಿಯನ್ನೋ ಕಡುಬನ್ನೋ ಬಡಿಸಲು ಮನೆಯೊಡತಿ ಎದುರಿಗಿರುತ್ತಿದ್ದರು. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಬೆಡ್ ಅಂಡ್ ಬ್ರೇಕ್‌ಫಾಸ್ಟ್ ಯೋಜನೆಯೂ ಮಾಲೀಕರ ಕುಟುಂಬ ಅದೇ ಮನೆಯಲ್ಲಿ ವಾಸವಿರಬೇಕು, ಗರಿಷ್ಠ 6 ಕೋಣೆ, 12 ಹಾಸಿಗೆ ಎನ್ನುತ್ತದೆ. ಮಾಲೀಕರು ಬೆಂಗಳೂರಿನಲ್ಲಿ, ಕೀ ಮಾತ್ರ ತೋಟದ ರೈಟರ್ ಕೈಯಲ್ಲಿ ಎಂಬ ಮನೆಗಳಿಗೆ ಹೋಂಸ್ಟೇ ಎಂಬ ಹೆಸರು ಸಲ್ಲದು. ತಂಟೆ ತಕರಾರುಗಳೂ ಅಂಥ ಕಡೆಯೇ ಹೆಚ್ಚು.

ಅಪಾಯ ಅತಿಥಿಯಿಂದಲೇ ಬರಬೇಕೆಂದೂ ಇಲ್ಲ. 2025ರ ಮಾರ್ಚ್ 6ರ ರಾತ್ರಿ ಗಂಗಾವತಿ ತಾಲ್ಲೂಕಿನ ಸಾಣಾಪುರದ ಬಳಿ, ತುಂಗಭದ್ರಾ ಕಾಲುವೆಯ ದಂಡೆಯಲ್ಲಿ ನಕ್ಷತ್ರ ನೋಡಲು ಕುಳಿತಿದ್ದ ಹೋಂಸ್ಟೇ ಅತಿಥಿಗಳು ಮತ್ತು ಅವರ ಜೊತೆಗಿದ್ದವರ ಮೇಲೆ ಬೈಕಿನಲ್ಲಿ ಬಂದ ಮೂವರು ಭೀಕರ ದಾಳಿ ನಡೆಸಿದರು. ಒಡಿಶಾದ ಪ್ರವಾಸಿಯೊಬ್ಬರು ಕಾಲುವೆಯಲ್ಲಿ ಪ್ರಾಣ ಬಿಟ್ಟರು. ರಾತ್ರಿ ಹೊತ್ತು ನಿರ್ಜನ ಜಾಗಕ್ಕೆ ಅತಿಥಿಗಳನ್ನು ಕರೆದೊಯ್ಯುವ ಮುನ್ನ ಠಾಣೆಗೋ ಊರಿನವರಿಗೋ ತಿಳಿಸಿರುವುದು ಒಳಿತೆಂಬುದನ್ನು ಆ ಸೀಮೆಯವರಿಗೆ ಈಗ ಯಾರೂ ಹೇಳಬೇಕಿಲ್ಲ.

ಪೊಲೀಸರಿಗೆ ತಿಳಿಸುವುದೆಂದರೆ ನಮ್ಮಲ್ಲಿ ಮುಜುಗರ. ‘ಅವರ ಮೇಲೆ ಅನುಮಾನ ಅಂದ್ಕೊಳ್ತಾರೆ’ ಎಂದು ಹಿಂಜರಿಯುತ್ತಾರೆ. ಮಂಗಳೂರು ಸ್ಫೋಟದ ನಂತರ ಮೈಸೂರು ನಗರ ಪೊಲೀಸರು ಬಾಡಿಗೆದಾರರ ವಿವರ ಠಾಣೆಗೆ ಕೊಡಲೇಬೇಕೆಂದು ಬಿಗಿ ಮಾಡಿದರು. ಎಲ್ಲರ ವಿವರವನ್ನೂ ಕೊಡುವುದು ಪದ್ಧತಿಯಾದರೆ ಯಾರಿಗೂ ಅವಮಾನವಿಲ್ಲ. ಸೇವಾ ಸಿಂಧು ಮೂಲಕ ಬಾಡಿಗೆದಾರರೇ ಪೊಲೀಸ್ ವೆರಿಫಿಕೇಶನ್ ಪ್ರಮಾಣಪತ್ರಕ್ಕೆ ಅರ್ಜಿ ಹಾಕಬಹುದು. ಕೆಲಸಕ್ಕೆ ಸೇರುವಾಗ ಕಂಪನಿಗೆ ಕೊಟ್ಟದ್ದು ಇದ್ದರೆ ಅದನ್ನೇ ತೋರಿಸಲಿ.

ಇಷ್ಟೆಲ್ಲ ಮಾಡಿಯೂ ಸಂಬಂಧ ಹಳಸಿದರೆ ಮಾಡಬಾರದ್ದು ಒಂದಿದೆ. ಬಾಡಿಗೆ ಬರಲಿಲ್ಲ ಎಂದು ಕರೆಂಟ್ ಕತ್ತರಿಸುವುದು, ನೀರು ನಿಲ್ಲಿಸುವುದು, ಅವರು ಆಫೀಸಿಗೆ ಹೋದಾಗ ಬೀಗ ಬದಲಿಸಿ ಸಾಮಾನು ಹೊರಗೆಸೆಯುವುದು. ಇದರಿಂದ ನ್ಯಾಯ ಓನರ್ ಕಡೆಗಿದ್ದ ಪ್ರಕರಣ ತಲೆಕೆಳಗಾಗುತ್ತದೆ. ಲಿಖಿತ ನೋಟಿಸ್ ಕೊಟ್ಟು, ಅಡ್ವಾನ್ಸಿನಲ್ಲಿ ಬಾಕಿ ಮುರಿದುಕೊಂಡು, ಉಳಿದದ್ದನ್ನು ಬ್ಯಾಂಕ್ ಮೂಲಕ ವಾಪಸ್ ಮಾಡುವುದು ನಿಧಾನದ ದಾರಿ, ಆದರೆ ಅದೇ ಸರಿಯಾದದ್ದು. ಬೆದರಿಕೆ, ಹೊಡೆದಾಟದ ಮಟ್ಟಕ್ಕೆ ಹೋದರೆ 112.

ಕೊನೆಯದಾಗಿ ದೂರದಲ್ಲಿರುವ ಮಕ್ಕಳಿಗೆ ಒಂದು ಕೋರಿಕೆ. ಬಸವನಗುಡಿಯಲ್ಲೋ ಸರಸ್ವತಿಪುರಂನಲ್ಲೋ ಅಪ್ಪ ಅಮ್ಮ ಇಬ್ಬರೇ ಇದ್ದು, ಜೊತೆಗೆ ಯಾರಾದರೂ ಇರಲಿ ಎಂದು ಮೇಲಿನ ರೂಮನ್ನು ಬಾಡಿಗೆಗೆ ಕೊಟ್ಟಿರುವ ಮನೆಗಳು ಸಾಕಷ್ಟಿವೆ. ಮಕ್ಕಳು ನ್ಯೂಜೆರ್ಸಿಯಲ್ಲೋ ಸಿಡ್ನಿಯಲ್ಲೋ ಇರುತ್ತಾರೆ. ಅಂಥವರು ಮುಂದಿನ ವಾರದ ವಿಡಿಯೊ ಕಾಲ್‌ನಲ್ಲಿ ಬಾಡಿಗೆದಾರರ ಜೊತೆಯೂ ಎರಡು ಮಾತಾಡಲಿ. ಅಗ್ರಿಮೆಂಟಿನ ಫೋಟೊ, ಬಾಡಿಗೆದಾರರ ಊರಿನ ವಿಳಾಸ, ಪಕ್ಕದ ಮನೆಯವರ ನಂಬರು ತಮ್ಮ ಫೋನಿನಲ್ಲೂ ಇಟ್ಟುಕೊಳ್ಳಲಿ. ಬೆಂಗಳೂರಿನ ಹಿರಿಯರ ಸಹಾಯವಾಣಿ 1090, ದೇಶದ ಎಲ್ಲೆಡೆಗೆ 14567. ಈ ಎರಡನ್ನೂ ದೊಡ್ಡ ಅಕ್ಷರದಲ್ಲಿ ಬರೆಸಿ ಮನೆಯ ಫೋನಿನ ಪಕ್ಕ ಅಂಟಿಸಲು ಹೇಳಿ.